ದೂರದ ಗುಡ್ಡಕ್ಕೆ ಬೆಂಕಿ ಬಿದ್ದರೆ ಬೆಳಿಗ್ಗೆ ನಮ್ಮೂರಲ್ಲಿ ಹೊಗೆ ಯಾಕೆ? ಏನು ಮಾಡಬೇಕು?

ರಾತ್ರಿ ನೆಲ ತಣಿದಾಗ ತಣ್ಣನೆಯ, ಭಾರವಾದ ಗಾಳಿ ಗುಡ್ಡದಿಂದಿಳಿದು ಕಣಿವೆಯಲ್ಲಿ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಪದರ ಅದಕ್ಕೆ ಮುಚ್ಚಳವಾಗುತ್ತದೆ. ಬೇಸಿಗೆಯಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ತರಗೆಲೆ, ಒಣಹುಲ್ಲು, ಲಂಟಾನ ಹೊತ್ತಿಕೊಂಡರೆ ಹೊಗೆ ಆ ಮುಚ್ಚಳದಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಚದುರುವುದು. ಹಾಗಾಗಿ ಬೆಳಗಿನ ವಾಕಿಂಗ್, ತೋಟದ ಕೆಲಸ ತಡವಾಗಿ ಇಟ್ಟುಕೊಳ್ಳಿ.

ಕಣ್ಣುರಿಗಿಂತ ದೊಡ್ಡ ತೊಂದರೆ ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕೂ ಸಣ್ಣ ಕಣಗಳು. ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. 24 ಗಂಟೆಯ ಸರಾಸರಿಗೆ ಭಾರತದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದ್ದು 15.

ಒದ್ದೆ ಟವೆಲ್ ಬೂದಿ ತಡೆದೀತು, ಈ ಕಣಗಳನ್ನಲ್ಲ. ಎನ್95 ಮಾಸ್ಕೇ ಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಹೊಗೆ ನುಸುಳುತ್ತದೆ. ಹೆಂಚಿನ ಮನೆಯಲ್ಲಿ ಬರೀ ಕಿಟಕಿ ಮುಚ್ಚಿ ಪ್ರಯೋಜನ ಕಡಿಮೆ, ಹೆಂಚಿನ ಸಂದಿಯೇ ಸಾಕು. ಅಟ್ಟವಿರುವ ಅಥವಾ ಆರ್‌ಸಿಸಿ ಮಾಡಿನ ಒಂದು ಕೋಣೆ ಆರಿಸಿ, ಬಾಗಿಲಡಿಗೆ ಬಟ್ಟೆ ತುರುಕಿ. ಅಲ್ಲೇ ಸೊಳ್ಳೆಬತ್ತಿ ಹಚ್ಚಿದರೆ ಮಾಡಿದ್ದೆಲ್ಲ ದಂಡ! ಬಚ್ಚಲೊಲೆಗೂ ಅಂದು ರಜೆ ಕೊಡಿ. ಉಬ್ಬಸದವರು ಇನ್ಹೇಲರ್ ಹತ್ತಿರವೇ ಇಟ್ಟುಕೊಳ್ಳಲಿ. ಮಾತಾಡಲೂ ಏದುಸಿರು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಲಿ.