ಚಿಯಾಂಗ್ ಮಾಯ್‌ಗೆ ಮೊದಲ ಸಲ ಮಾರ್ಚ್‌ನಲ್ಲಿ ಬನ್ನಿ

(ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ನೆಲೆಸಿ, ಅಲ್ಲಿಂದಲೇ ಭಾರತದ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿರುವ ನಮ್ಮ ಲೇಖಕಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮನೆಯಿಂದಲೇ ಕೆಲಸ ಮಾಡಲು ಕಂಪನಿ ಅನುಮತಿ ಕೊಟ್ಟಿದೆ. ಚಿಯಾಂಗ್ ಮಾಯ್‌ನಲ್ಲಿ ತಿಂಗಳಿಗೆ 20,000 ಬಾಟ್ ಇದ್ದರೆ ಆರಾಮವಾಗಿ ಬದುಕಬಹುದು ಎಂದು ಕೇಳಿದ್ದೇನೆ. ನಿಜವೇ? ಡಿಸೆಂಬರಿನಲ್ಲಿ ಒಮ್ಮೆ ಬಂದು ನೋಡಿ ನಿರ್ಧರಿಸುವ ಯೋಚನೆಯಿದೆ. (ಸಾಫ್ಟ್‌ವೇರ್ ಉದ್ಯೋಗಿ, 29 ವರ್ಷ)

ಉತ್ತರ: ಡಿಸೆಂಬರಿನಲ್ಲಿ ಬರಬೇಡಿ. ಬಂದರೆ ನೀವು ಈ ಊರಿಗೆ ಮನಸೋಲುತ್ತೀರಿ, ಆಮೇಲೆ ಯಾರು ಹೇಳಿದರೂ ಕೇಳುವುದಿಲ್ಲ. ಆಗ ಬೆಳಗಿನ ಚಳಿ ಹಿತವಾಗಿರುತ್ತದೆ, ಹಳೆಯ ನಗರದ ಚೌಕಾಕಾರದ ಕಂದಕದ ಸುತ್ತ ಎಷ್ಟು ನಡೆದರೂ ಸಾಕೆನಿಸುವುದಿಲ್ಲ, ಪಶ್ಚಿಮಕ್ಕೆ ತಿರುಗಿದರೆ ದೋಯ್ ಸುತೇಪ್ ಬೆಟ್ಟ ಕೈಗೆಟಕುವಂತೆ ನಿಂತಿರುತ್ತದೆ. ಇದೇ ಬೆಟ್ಟ ಮಾರ್ಚ್‌ನಲ್ಲಿ ಕಾಣುವುದಿಲ್ಲ. ಮೋಡ ಮುಸುಕಿದ್ದರಿಂದಲ್ಲ, ಹೊಗೆಯಿಂದ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಬೆಟ್ಟಗಳಲ್ಲಿ ಕಾಡು ಉರಿಯುತ್ತದೆ. ಹೊಲಗಳಲ್ಲಿ ಮೆಕ್ಕೆಜೋಳದ ದಂಟು, ಭತ್ತದ ಕೂಳೆ ಸುಡುತ್ತಾರೆ. ಗಡಿಯಾಚೆಯ ಮ್ಯಾನ್ಮಾರ್ ಮತ್ತು ಲಾವೋಸ್‌ನಿಂದಲೂ ಹೊಗೆ ತೇಲಿ ಬರುತ್ತದೆ. ಊರು ಬಟ್ಟಲಿನಂಥ ಕಣಿವೆಯಲ್ಲಿದೆ. ಮೇಲೆ ಬಿಸಿಗಾಳಿಯ ಪದರ ಮುಚ್ಚಳದಂತೆ ಕುಳಿತರೆ ಹೊಗೆಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳನ್ನು ಪಿಎಂ 2.5 ಎಂದು ಅಳೆಯುತ್ತಾರೆ. ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾನು ಕಳೆದ ಮೊದಲ ಮಾರ್ಚ್‌ನಲ್ಲಿ ಮೊಬೈಲಿನ ಪರದೆಯ ಮೇಲೆ ನೂರು ದಾಟಿದ ಅಂಕಿಗಳನ್ನು ದಿನಗಟ್ಟಲೆ ನೋಡಿದ್ದೇನೆ. ಕಿಟಕಿಯ ಸಂದುಗಳಿಗೆ ಟೇಪ್ ಅಂಟಿಸಿ, ಗಾಳಿ ಶುದ್ಧೀಕರಿಸುವ ಯಂತ್ರವನ್ನು ಹಗಲಿರುಳು ಓಡಿಸಿ, ಒಂದೇ ಕೋಣೆಯಲ್ಲಿ ಐದು ವಾರ ಇದ್ದೆ. ಏಪ್ರಿಲ್ ಹೊತ್ತಿಗೆ ಎರಡು ಮಹಡಿ ಹತ್ತಿದರೆ ಎದೆ ಬಿಗಿಯುತ್ತಿತ್ತು. ಮರುವರ್ಷ ಹೊಗೆ ದಟ್ಟವಾಗುವ ಮೊದಲೇ ಆರು ವಾರ ದಕ್ಷಿಣದ ಕಡಲತೀರಕ್ಕೆ ಹೋದೆ. ಇಲ್ಲಿನ ಬಾಡಿಗೆಯನ್ನೂ ಕಟ್ಟಿ, ಅಲ್ಲಿನ ಬಾಡಿಗೆಯನ್ನೂ ಕಟ್ಟಿದೆ.

ಈಗ ನಿಮ್ಮ 20,000 ಬಾಟ್‌ಗೆ ಬರುತ್ತೇನೆ. ಸಾಂತಿತಾಮ್ ಬಡಾವಣೆಯಲ್ಲಿ ನನ್ನ ಒಂಟಿ ಕೋಣೆಯ ಮನೆಗೆ 8,500 ಬಾಟ್ ಬಾಡಿಗೆ. ಅಂಗಡಿಗಳೂ ಕಾಫಿ ಮನೆಗಳೂ ತುಂಬಿದ ನಿಮ್ಮಾನ್ ರಸ್ತೆಯ ಆಸುಪಾಸಿನಲ್ಲಿ ಇಂಥದೇ ಮನೆಗೆ ಇನ್ನೂ ಹೆಚ್ಚು ಕೇಳುತ್ತಾರೆ. ಊಟ ತಿಂಡಿಗೆ 9,500, ಆರೋಗ್ಯ ವಿಮೆಗೆ 3,600, ವಿದ್ಯುತ್ತು ಮತ್ತು ನೀರಿಗೆ ಸರಾಸರಿ 1,800. ಓಡಾಟ, ಇಂಟರ್‌ನೆಟ್, ಔಷಧಿ, ಬಟ್ಟೆ ಎಲ್ಲ ಸೇರಿ ತಿಂಗಳಿಗೆ 30,000 ಆಗುತ್ತದೆ. ವರ್ಷಕ್ಕೆ 3,60,000. ಇದಕ್ಕೆ ಹೊಗೆಗಾಲದ ಆರು ವಾರಗಳ 42,000, ವೀಸಾ ನಿಯಮಕ್ಕಾಗಿ ದೇಶದ ಹೊರಗೆ ಹೋಗಿಬರುವ 12,000, ಶುದ್ಧೀಕರಣ ಯಂತ್ರ ಮತ್ತು ಅದರ ಫಿಲ್ಟರ್‌ಗಳ 6,000 ಸೇರಿಸಿ. ಒಟ್ಟು 4,20,000, ಅಂದರೆ ತಿಂಗಳಿಗೆ 35,000. ನಾನು ಲೆಕ್ಕದ ಕೆಲಸದವಳು; ವರ್ಷ ತುಂಬುವ ಮೊದಲು ಯಾವ ಲೆಕ್ಕವನ್ನೂ ನಂಬುವುದಿಲ್ಲ. 20,000 ಎಂದವರು ಚಳಿಗಾಲದ ಒಂದು ತಿಂಗಳನ್ನು ಹನ್ನೆರಡರಿಂದ ಗುಣಿಸಿರಬೇಕು.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ವಿದ್ಯುತ್ತಿಗೆ ಯೂನಿಟ್‌ಗೆ ಎಷ್ಟೆಂದು ಕೇಳಿ. ಹಲವು ಕಟ್ಟಡಗಳಲ್ಲಿ ಸರ್ಕಾರದ ದರ ಬಿಟ್ಟು ಏಳೋ ಎಂಟೋ ಬಾಟ್ ಹಾಕುತ್ತಾರೆ, ಏಪ್ರಿಲ್ ಬಿಸಿಲಿನಲ್ಲಿ ಅದು ಗೊತ್ತಾಗುತ್ತದೆ. ಪಿಂಗ್ ನದಿಯ ಹತ್ತಿರ ನೆಲಮಹಡಿಯ ಮನೆ ಬೇಡ. ನಾನು ಬಂದ ಮರುತಿಂಗಳೇ, 2024ರ ಅಕ್ಟೋಬರ್‌ನಲ್ಲಿ, ನದಿ ಉಕ್ಕಿ ಚಾಂಗ್ ಕ್ಲಾನ್ ರಸ್ತೆಯೇ ಹೊಳೆಯಾಗಿತ್ತು.

ಇನ್ನೊಂದು ಮಾತು ಹೇಳದೆ ಇರಲಾರೆ. ನಾವು ಟಿಕೆಟ್ ಕೊಂಡು ಹೊಗೆಯಿಂದ ಪಾರಾಗುತ್ತೇವೆ. ನನ್ನ ಬೀದಿಯಲ್ಲಿ ಗಾಡಿಯಲ್ಲಿ ಹಣ್ಣು ಹೆಚ್ಚಿ ಮಾರುವ ಹೆಂಗಸು ಅದೇ ಗಾಳಿಯಲ್ಲಿ ಇಡೀ ದಿನ ನಿಂತಿರುತ್ತಾಳೆ. ಇಲ್ಲಿನ ಜನರೇ ಮೊಕದ್ದಮೆ ಹೂಡಿ, 2024ರ ಜನವರಿಯಲ್ಲಿ ಚಿಯಾಂಗ್ ಮಾಯ್‌ನ ಆಡಳಿತ ನ್ಯಾಯಾಲಯದಿಂದ, 90 ದಿನಗಳಲ್ಲಿ ತುರ್ತು ಯೋಜನೆ ರೂಪಿಸಬೇಕೆಂಬ ಆದೇಶವನ್ನು ಸರ್ಕಾರದ ವಿರುದ್ಧ ಪಡೆದರು. ಊರು ಅಗ್ಗವಾಗಿದೆ ಎಂದು ಬರುವ ನಾವು ಈ ಹೋರಾಟವನ್ನು ತಿಳಿದಾದರೂ ಇರಬೇಕು.

ಪ್ರಶ್ನೆ: ಪ್ರವಾಸಿಯಾಗಿ ಬಂದು ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಿದರೆ ಯಾರಿಗೆ ತಿಳಿಯುತ್ತದೆ? ವೀಸಾದ ಗೊಡವೆ ಬೇಕೇ? (ಹೆಸರು ಬೇಡ ಎಂದಿರುವ ಓದುಗರು)

ಉತ್ತರ: ಬೇಕು. ಯಾರಿಗೂ ತಿಳಿಯದು ಎನ್ನುವುದರ ಮೇಲೆ ಮನೆ ಕಟ್ಟಬೇಡಿ. ಥಾಯ್ಲೆಂಡ್ 2024ರ ಜುಲೈನಿಂದ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ಎಂಬ ವೀಸಾ ಕೊಡುತ್ತಿದೆ. ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಪ್ರತಿ ಸಲ ಒಳಬಂದಾಗ 180 ದಿನ ಇರಬಹುದು. ವಯಸ್ಸು 20 ತುಂಬಿರಬೇಕು. ಖಾತೆಯಲ್ಲಿ 5,00,000 ಬಾಟ್‌ಗೆ ಸಮನಾದ ಹಣ ತೋರಿಸಬೇಕು. ಅರ್ಜಿಯನ್ನು ಥಾಯ್ಲೆಂಡಿನ ಹೊರಗಿನಿಂದಲೇ ಹಾಕಬೇಕು. ದೂರದಿಂದ ಕೆಲಸ ಮಾಡಲು ಒಪ್ಪಿಗೆಯಿದೆ ಎಂದು ಕಂಪನಿಯ ಪತ್ರ ಸ್ಪಷ್ಟವಾಗಿ ಹೇಳುವಂತಿರಲಿ. ಥಾಯ್ ಕಂಪನಿಗಳಿಗೆ ಕೆಲಸ ಮಾಡಲು ಈ ವೀಸಾ ಸಾಲದು.

ಬಂದ ಮೇಲೆ ಎರಡು ಕಾಗದಗಳನ್ನು ಮರೆಯಬೇಡಿ. ನೀವು ತಂಗಿರುವ ವಿಷಯವನ್ನು ಮನೆಯ ಮಾಲೀಕರು 24 ಗಂಟೆಯೊಳಗೆ ವಲಸೆ ಕಚೇರಿಗೆ ತಿಳಿಸಬೇಕು. ಅದು ಟಿಎಂ 30. ಸತತ 90 ದಿನ ಮೀರಿದರೆ ನಿಮ್ಮ ವಿಳಾಸವನ್ನು ನೀವೇ ವರದಿ ಮಾಡಬೇಕು. ನನ್ನ ಮೊದಲ ಮನೆಯ ಮಾಲೀಕರು ಮೊದಲನೆಯದನ್ನು ಮಾಡಿರಲಿಲ್ಲ. ಕಚೇರಿಯಲ್ಲಿ ಅರ್ಧ ದಿನ ಕಾದು, ಸರದಿ ಬಂದಾಗ ಬರಿಗೈಯಲ್ಲಿ ಮರಳಿದ್ದೆ.

ತೆರಿಗೆಯನ್ನೂ ನೋಡಿಕೊಳ್ಳಿ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಇದ್ದವರು ಇಲ್ಲಿನ ತೆರಿಗೆ ನಿವಾಸಿಗಳು. 2024ರಿಂದ ಗಳಿಸಿದ ವಿದೇಶಿ ಆದಾಯವನ್ನು ಅಂಥವರು ಥಾಯ್ಲೆಂಡಿಗೆ ತಂದರೆ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಭಾರತದೊಡನೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದವಿದೆ. ಆದರೆ ಅದರ ಲಾಭ ತಾನಾಗಿ ಸಿಗುವುದಿಲ್ಲ, ಕಾಗದಪತ್ರ ಬೇಕು. ಹೊರಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಪ್ರಶ್ನೆ: ನಾನು ಸಸ್ಯಾಹಾರಿ. ಬದುಕಲಾದೀತೇ?

ಉತ್ತರ: ಚೆನ್ನಾಗಿಯೇ ಬದುಕಬಹುದು, ಎರಡು ಪದ ಕಲಿತರೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು ‘ಅಹಾನ್ ಜೇ’. ಅಹಾನ್ ಎಂದರೆ ನಮ್ಮ ಆಹಾರವೇ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎರಡನೆಯದು ‘ಮಂಗ್ಸವಿರತ್’. ಬಿಡಿಸಿ ಓದಿ: ಮಾಂಸವಿರತಿ. ಇದರಲ್ಲಿ ಮೊಟ್ಟೆ, ಹಾಲು ನಡೆಯುತ್ತದೆ. ಈ ಪದವನ್ನು ಮೊದಲ ಸಲ ಕೇಳಿದ ದಿನ ಪರವೂರಿನಲ್ಲಿ ನೆಂಟರು ಸಿಕ್ಕಂತಾಯಿತು. ಉಳಿದ ಅಂಗಡಿಗಳಲ್ಲಿ ಬರಿಯ ಸೊಪ್ಪಿನ ಪಲ್ಯಕ್ಕೂ ನಾಮ್ ಪ್ಲಾ, ಅಂದರೆ ಮೀನಿನ ರಸ, ಬಿದ್ದಿರುತ್ತದೆ. ‘ಮೈ ಸೈ ನಾಮ್ ಪ್ಲಾ’ (ಮೀನಿನ ರಸ ಹಾಕಬೇಡಿ) ಎಂದು ಮೊದಲೇ ಹೇಳಿ.

ಪ್ರಶ್ನೆ: ನನ್ನ ಮಗಳು ಒಬ್ಬಳೇ ಅಲ್ಲಿಗೆ ಹೋಗಿ ಇರುತ್ತೇನೆ ಎನ್ನುತ್ತಿದ್ದಾಳೆ. ಬೇಡ ಎನ್ನಲು ಮನಸ್ಸಿಲ್ಲ, ಸರಿ ಎನ್ನಲು ಧೈರ್ಯವಿಲ್ಲ. ಕ್ಷೇಮವೇ? (ಒಬ್ಬ ತಾಯಿ)

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಅಮ್ಮನೂ ಹೀಗೆಯೇ ಬರೆದಿರುತ್ತಿದ್ದರು. ರಾತ್ರಿ ಹತ್ತಕ್ಕೆ ಒಬ್ಬಳೇ ನಡೆದು ಮನೆಗೆ ಬರುವಾಗ ನನಗೆ ಹೆದರಿಕೆಯಾಗಿಲ್ಲ. ನಾನು ಹೆದರುವುದು ಸ್ಕೂಟರಿಗೆ. ಈ ದೇಶದ ರಸ್ತೆ ಸಾವುಗಳಲ್ಲಿ ಬಹುಪಾಲು ದ್ವಿಚಕ್ರ ಸವಾರರದು. ಬಾಡಿಗೆ ಸ್ಕೂಟರನ್ನು ಪರವಾನಗಿ ಕೇಳದೆಯೂ ಕೊಟ್ಟುಬಿಡುತ್ತಾರೆ, ಆದರೆ ಸರಿಯಾದ ಪರವಾನಗಿ ಇಲ್ಲದೆ ಬಿದ್ದರೆ ವಿಮಾ ಕಂಪನಿ ಕೈಯೆತ್ತಿಬಿಡಬಹುದು. ಮಗಳು ಕೆಂಪು ಸೊಂಗ್‌ತೇವ್‌ಗಳಲ್ಲಿ ಓಡಾಡಲಿ. ಹಿಂದೆ ಎದುರುಬದುರು ಎರಡು ಬೆಂಚುಗಳಿರುವ ಬಾಡಿಗೆ ಗಾಡಿಗಳವು.

ಒಂಟಿತನದ ವಿಷಯ. ಇಲ್ಲಿನವರು ಪರಿಚಯವಾದವರನ್ನು ನಮ್ಮಂತೆಯೇ ಸಂಬಂಧ ಹಿಡಿದು ಕರೆಯುತ್ತಾರೆ. ವಯಸ್ಸಿನಲ್ಲಿ ದೊಡ್ಡವರಾದರೆ ‘ಪೀ’, ಚಿಕ್ಕವರಾದರೆ ‘ನೋಂಗ್’. ನನ್ನ ಈಗಿನ ಮನೆಯೊಡತಿಯನ್ನು ನಾನು ‘ಪಾ’ ಎನ್ನುತ್ತೇನೆ, ದೊಡ್ಡಮ್ಮ ಎಂದಂತೆ. ಮಳೆಗಾಲದಲ್ಲಿ ನನಗೆ ಡೆಂಗಿ ಬಂದಾಗ ಆಸ್ಪತ್ರೆಗೆ ಕರೆದೊಯ್ದು, ನಾಲ್ಕು ದಿನ ಗಂಜಿ ತಂದುಕೊಟ್ಟವರು ಅವರು. ಮಗಳು ದೊಡ್ಡ ಕಟ್ಟಡದ ಹದಿನೈದನೆಯ ಮಹಡಿಗಿಂತ, ಮಾಲೀಕರು ಕೆಳಗೇ ಇರುವ ಸಣ್ಣ ಕಟ್ಟಡ ಹುಡುಕಲಿ. ಆರೋಗ್ಯ ವಿಮೆ ಇಲ್ಲದೆ ಕಳುಹಿಸಬೇಡಿ. ಅವಳ ಮೊಬೈಲಿನಲ್ಲಿ ಪ್ರವಾಸಿ ಪೊಲೀಸರ 1155, ಆಂಬುಲೆನ್ಸ್‌ನ 1669 ಇರಲಿ. ಸಾಧ್ಯವಾದರೆ ಮೊದಲ ಎರಡು ವಾರ ನೀವೂ ಬಂದು ಅವಳೊಡನೆ ಇರಿ. ಹೊರಡುವಾಗ ಮನೆಯೊಡತಿಯ ದೂರವಾಣಿ ಸಂಖ್ಯೆಯನ್ನು ನೀವೇ ಕೇಳಿ ಬರೆದುಕೊಳ್ಳಿ, ನಿಮ್ಮದನ್ನು ಅವರಿಗೂ ಕೊಡಿ.