ಮೊಣಕೈ ಬಿಡಿ, ಮೊದಲು ಹಿಂದಿನ ಕಾಲು ನೋಡಿ

ನಿಮ್ಮ ವಿಡಿಯೋ ಮೂರು ಸಲ ನೋಡಿದೆ. ಪೂಲ್ ಆಟದಲ್ಲಿ ಉದ್ದದ ನೇರ ಶಾಟ್ ಎಡಕ್ಕೇ ತಪ್ಪುತ್ತಿದೆ, ಮೊಣಕೈ ಹೊರಗೆ ಹೋಗುತ್ತಿದೆ, ಅದನ್ನು ಹೇಗೆ ಸರಿ ಮಾಡಲಿ ಅಂತ ಕೇಳಿದ್ದೀರಿ. ದಯವಿಟ್ಟು ಮೊಣಕೈ ತಂಟೆಗೆ ಹೋಗಬೇಡಿ. ನಾನು ಅದರ ಹಿಂದೆ ಬಿದ್ದು ಎರಡು ವರ್ಷ ಕಳೆದಿದ್ದೇನೆ.

ನಾನು ಮಾಡಿದ್ದು ಬಾಟಲಿ ಅಭ್ಯಾಸ. ಖಾಲಿ ಬಾಟಲಿ ಮಲಗಿಸಿ, ಅದರ ಬಾಯಿಗೆ ತಾಗದಂತೆ ಕ್ಯೂ (ಚೆಂಡು ಹೊಡೆಯುವ ಕೋಲು) ಒಳಗೆ ಹೊರಗೆ ಆಡಿಸುವುದು. ದಿನಾ ನೂರು ಸ್ಟ್ರೋಕ್. ಬಾಟಲಿಯಲ್ಲಿ ಕ್ಯೂ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಆಟಕ್ಕೆ ನಿಂತರೆ ಮತ್ತೆ ಅದೇ ವಕ್ರ. ಕಾರಣ ಹೊಳೆಯಲು ತುಂಬಾ ದಿನ ಬೇಕಾಯಿತು. ಬಾಟಲಿ ಮುಂದೆ ಒಮ್ಮೆ ನಿಂತರೆ ಐವತ್ತು ಸ್ಟ್ರೋಕ್ ಆದರೂ ಕಾಲು ಕದಲುವುದಿಲ್ಲ. ಆಟದಲ್ಲಿ ಪ್ರತಿ ಶಾಟ್‌ಗೂ ಹೊಸದಾಗಿ ನಿಲ್ಲಬೇಕು. ನಾನು ಸ್ಟ್ರೋಕ್ ಕಲಿತಿದ್ದೆ, ನಿಲ್ಲುವುದನ್ನು ಕಲಿತಿರಲಿಲ್ಲ.

ನಿಮ್ಮ ಬಲಗಾಲು ಶಾಟ್‌ನ ಗೆರೆ, ಅಂದರೆ ಬಿಳಿ ಚೆಂಡು ಹೋಗಬೇಕಾದ ನೇರ ದಾರಿ, ದಾಟಿ ಎಡಕ್ಕೆ ಬರುತ್ತಿದೆ. ಆಗ ಸೊಂಟ ಕ್ಯೂಗೆ ಅಡ್ಡ ಬರುತ್ತದೆ. ಕೈಗೆ ದಾರಿ ಬೇಕಲ್ವಾ? ಅದಕ್ಕೇ ಮೊಣಕೈ ಹೊರಗೆ ಹೋಗುತ್ತಿದೆ. ಮೊಣಕೈಯನ್ನು ಬಲವಂತವಾಗಿ ಒಳಗೆ ತಂದರೆ ಭುಜ ಬಿಗಿಯಾಗುತ್ತದೆ, ಅಷ್ಟೇ.

ನನಗೆ ಕೆಲಸ ಮಾಡಿದ್ದು ನೆಲದ ಮೇಲೆ ಒಂದು ಟೇಪ್. ನೇರ ಶಾಟ್ ಇಟ್ಟು, ಅದರ ಗೆರೆ ಟೇಬಲ್ ದಾಟಿ ಹಿಂದಕ್ಕೆ ಎಲ್ಲಿ ಬರುತ್ತದೋ ಅಲ್ಲಿ ಟೇಪ್ ಅಂಟಿಸಿ. ಎರಡು ಹೆಜ್ಜೆ ಹಿಂದೆ ನಿಂತು ಗೆರೆ ನೋಡಿ. ಬಲಪಾದದ ನಡುಭಾಗ ಟೇಪ್ ಮೇಲೆ ಇಡಿ, ಬೆರಳುಗಳು ಸ್ವಲ್ಪ ಹೊರಗೆ ತಿರುಗಿರಲಿ. ಎಡಗಾಲು ಮುಂದೆ, ಭುಜದಗಲ ಪಕ್ಕಕ್ಕೆ. ಆಮೇಲೆ ಬಗ್ಗಿ. ಬಗ್ಗಿದ ಮೇಲೆ ಗುರಿ ಸರಿಯಿಲ್ಲ ಅನಿಸಿದರೆ ಎದ್ದು ನಿಂತು ಮೊದಲಿನಿಂದ ಬನ್ನಿ. ಕೆಳಗೇ ಇದ್ದು ಸೊಂಟ, ಭುಜ ತಿರುಚಿ ಸರಿ ಮಾಡಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ವಿಡಿಯೋದಲ್ಲಿ ನಾಲ್ಕು ಸಲ ಹಾಗೆ ಮಾಡಿದ್ದೀರಿ. ಪ್ರತಿ ಶಾಟ್ ಆದ ಮೇಲೂ ಹಿಂದೆ ಸರಿದು ಮತ್ತೆ ಬರಬೇಕು. ಬೇಸರದ ಕೆಲಸ, ಆದರೆ ಅಭ್ಯಾಸ ಇರುವುದೇ ಅದರಲ್ಲಿ.

ಎಡಗೈ ಆಟಗಾರರಿಗೆ ಎಲ್ಲ ತಿರುಗುಮುರುಗು. ಎತ್ತರದವರು ಕಾಲು ಇನ್ನೂ ಅಗಲಿಸಬೇಕು ಅಥವಾ ಮೊಣಕಾಲು ಮಡಿಸಬೇಕು. ಬೆನ್ನು ನೋವಿದ್ದವರು ಗದ್ದ ಕ್ಯೂಗೆ ತಾಗಲೇಬೇಕು ಅಂತ ಹಠ ಮಾಡಬೇಡಿ. ತಲೆ ಸ್ವಲ್ಪ ಮೇಲಿದ್ದರೂ ನಡೆಯುತ್ತದೆ, ಶಾಟ್ ಮುಗಿಯುವವರೆಗೆ ಏಳಬಾರದು ಅಷ್ಟೇ. ಕ್ಯೂ ಗದ್ದದ ಸರಿ ನಡುವೆಯೇ ಇರಬೇಕು ಅಂತಲೂ ಇಲ್ಲ. ಕೆಲವರಿಗೆ ಒಂದು ಕಣ್ಣಿನ ಕಡೆಗೆ ಸರಿದಾಗಲೇ ಗೆರೆ ನೇರ ಕಾಣುತ್ತದೆ. ರೇಲ್ (ಟೇಬಲ್ ಅಂಚು) ಹತ್ತಿರ ಚಾಚಿ ಆಡುವಾಗ ಈ ಟೇಪ್ ಲೆಕ್ಕ ಪೂರ್ತಿ ನಡೆಯುವುದಿಲ್ಲ. ಒಂದು ಕಾಲು ನೆಲದ ಮೇಲಿರಬೇಕು ಅನ್ನುವುದು ಹೇಗೂ ನಿಯಮ. ಅಲ್ಲಿ ರೆಸ್ಟ್, ಅಂದರೆ ಕ್ಯೂ ಆನಿಸುವ ಕೋಲು, ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಪ್ರೆಡೇಟರ್ ಕಂಪನಿಯ ರೆವೊ ಶಾಫ್ಟ್ (ಕ್ಯೂನ ಮುಂದಿನ ಭಾಗ) ತಗೊಳ್ಳಿ ಅಂದಿದ್ದಾರೆ. ಒಳ್ಳೆಯ ಶಾಫ್ಟ್, ನಾನೂ ಅದನ್ನೇ ಬಳಸುತ್ತೇನೆ. ಆದರೆ ಈಗ ಬೇಡ. ಡಿಫ್ಲೆಕ್ಷನ್ (ನಡು ಬಿಟ್ಟು ಹೊಡೆದಾಗ ಚೆಂಡು ಗೆರೆಯಿಂದ ಸರಿಯುವುದು) ಕಡಿಮೆ ಇರುವ ಶಾಫ್ಟ್ ನಿಮ್ಮ ತಪ್ಪನ್ನು ಸ್ವಲ್ಪ ಮುಚ್ಚಿಡುತ್ತದೆ, ನಿಮಗೆ ಗೊತ್ತಾಗುವುದು ಇನ್ನೂ ತಡವಾಗುತ್ತದೆ. ಕ್ಯೂ ತುದಿಗೆ ಹಚ್ಚುವ ಚಾಕ್ ಕೂಡ ಮಾಸ್ಟರ್ ಬ್ರ್ಯಾಂಡ್ ಸಾಕು. ಹೊಸಬರಿಗೆ ಮೊದಲು ಸಾಮಾನು ಕೊಳ್ಳಲು ಹೇಳುವುದನ್ನು ಎಲ್ಲರೂ ಬಿಡಬೇಕು.

ಸರಿಯಾಯಿತಾ ಅಂತ ತಿಳಿಯಲು ಕ್ಯೂ ಬಾಲ್ (ಬಿಳಿ ಚೆಂಡು) ಒಂದನ್ನೇ ಹೆಡ್ ಸ್ಪಾಟ್ (ನಿಮ್ಮ ಕಡೆಯ ಗುರುತು) ಮೇಲೆ ಇಟ್ಟು, ಫುಟ್ ಸ್ಪಾಟ್ (ಎದುರು ಕಡೆಯ ಗುರುತು) ಮೇಲಿಂದ ಎದುರಂಚಿನ ಕುಶನ್‌ಗೆ ಹೊಡೆಯಿರಿ. ವಾಪಸ್ ಬಂದು ಕ್ಯೂ ತುದಿಯ ಟಿಪ್‌ಗೇ ತಾಗಬೇಕು. ಪಕ್ಕಕ್ಕೆ ಬಂದರೆ ಒಂದೋ ಗೆರೆ ತಪ್ಪಿದೆ, ಇಲ್ಲವೇ ಸೈಡ್ (ಚೆಂಡಿಗೆ ಪಕ್ಕದ ತಿರುಗು) ಬಿದ್ದಿದೆ. 57 ಮಿ.ಮೀ. ಚೆಂಡಿನಲ್ಲಿ ನಡುವಿನಿಂದ ಎರಡು ಮೂರು ಮಿ.ಮೀ. ಸರಿದರೂ ಸೈಡ್ ಬರುತ್ತದೆ. ಮೆಲ್ಲಗೆ ಹೊಡೆಯಿರಿ, ಆದರೆ ತೀರಾ ಮೆಲ್ಲಗೆ ಬೇಡ, ಟೇಬಲ್ ಮಟ್ಟ ಇಲ್ಲದಿದ್ದರೆ ಅದೇ ಚೆಂಡನ್ನು ಎಳೆಯುತ್ತದೆ. ಬೂಟೂ ದಿನಾ ಒಂದೇ ಇರಲಿ. ಹಿಮ್ಮಡಿಯ ಎತ್ತರ ಬದಲಾದರೆ ನಿಲುವೂ ಬದಲಾಗುತ್ತದೆ.

ಒಂದು ವಾರ ಇಷ್ಟೇ ಮಾಡಿ ಇನ್ನೊಂದು ವಿಡಿಯೋ ಹಾಕಿ. ಫೋನ್ ನಿಮ್ಮ ಹಿಂದೆ, ಶಾಟ್‌ನ ಗೆರೆಯಲ್ಲೇ ಇಡಿ. ಪಾದ ಪೂರ್ತಿ ಕಾಣಬೇಕು, ನಿಂತಲ್ಲಿಂದ ಬಗ್ಗುವವರೆಗೂ ಬರಬೇಕು. ಸೊಂಟದ ಮೇಲಿನದು ಮಾತ್ರ ಹಾಕಿದರೆ ನನಗೆ ಏನೂ ಹೇಳಲು ಆಗುವುದಿಲ್ಲ.