ಬಟನ್ ಒತ್ತದಿದ್ದರೂ ಪಿನ್ ತೋರಿಸುವ ಮೌಲ್ಯ ಬದಲಾಗುವುದು ಯಾಕೆ?

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಜಿಪಿಐಒ 17ಕ್ಕೆ (ಪ್ರೋಗ್ರಾಮಿನಿಂದ ಓದಬಹುದಾದ, ನಡೆಸಬಹುದಾದ ಪಿನ್) ಬಟನ್ನಿನ ಒಂದು ಕಾಲು, ಗ್ರೌಂಡಿಗೆ ಇನ್ನೊಂದು ಕಾಲು ಕೊಟ್ಟಿದ್ದೀರಿ. ಆದರೂ ಬಟನ್ ಮುಟ್ಟದೇ 0, 1 ಅಂತ ಓಡಾಡುತ್ತಿದೆ ಎಂದಿದ್ದೀರಿ. ನಿಮ್ಮ ಬೋರ್ಡ್ ಕೆಟ್ಟಿಲ್ಲ, ಗಾಬರಿ ಬೇಡ.

ಬಟನ್ ಒತ್ತಿದಾಗ ಪಿನ್ ಗ್ರೌಂಡಿಗೆ ಸೇರುತ್ತದೆ, ಸರಿ. ಬಿಟ್ಟಾಗ ಅದು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಬೆರಳು ಹತ್ತಿರ ತಂದರೂ, ಪಕ್ಕದ ತಂತಿಯಲ್ಲಿ ಕರೆಂಟ್ ಹರಿದರೂ ಮೌಲ್ಯ ಅಲುಗಾಡುತ್ತದೆ. ಪಿನ್ನನ್ನು ಇನ್‌ಪುಟ್ ಮಾಡುವ ಸಾಲಿನಲ್ಲೇ ಒಳಗಿನ ಪುಲ್-ಅಪ್ ಆನ್ ಮಾಡಿ. ಆಗ ಸುಮಾರು 50 ಕಿಲೋಓಮ್‌ನ ರೆಸಿಸ್ಟರ್ ಅದನ್ನು 3.3 ವೋಲ್ಟ್‌ಗೆ ಎಳೆದು ಹಿಡಿಯುತ್ತದೆ. ಇನ್ನು ಮುಂದೆ ಒತ್ತಿದರೆ 0, ಬಿಟ್ಟರೆ 1. ಪ್ರೋಗ್ರಾಮಿನ ಷರತ್ತನ್ನೂ ತಿರುವುಮುರುವು ಮಾಡಿಕೊಳ್ಳಿ, ಇದನ್ನು ಬಹಳ ಜನ ಮರೆಯುತ್ತಾರೆ.

ಹಾಗೂ ಸರಿಹೋಗದಿದ್ದರೆ ನಂಬರಿಂಗ್ ನೋಡಿ. ಜಿಪಿಐಒ 17 ಇರುವುದು ಹೆಡರ್‌ನ (ಬೋರ್ಡಿನ ಮೇಲಿನ ಪಿನ್‌ಗಳ ಸಾಲಿನ) 11ನೇ ಪಿನ್ನಿನಲ್ಲಿ. ಹೆಡರ್‌ನ 17ನೇ ಪಿನ್ 3.3 ವೋಲ್ಟ್ ಸಪ್ಲೈ. ಅಲ್ಲಿಂದ ಗ್ರೌಂಡಿಗೆ ಬಟನ್ ಹಾಕಿ ಒತ್ತಿದರೆ ನೇರ ಶಾರ್ಟ್. ದಯವಿಟ್ಟು ಪವರ್ ತೆಗೆದು, ಮೂಲೆಯಿಂದ ಎಣಿಸಿ ಖಾತ್ರಿ ಮಾಡಿಕೊಳ್ಳಿ.

ಬಟನ್ ಜೊತೆ ಸರಣಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಹಾಕುವುದು ನನ್ನ ಪ್ರಕಾರ ಕಡ್ಡಾಯವೇ. ಕೋಡಿನಲ್ಲಿ ಅಕಸ್ಮಾತ್ ಅದೇ ಪಿನ್ ಔಟ್‌ಪುಟ್ ಹೈ ಆಗಿದ್ದಾಗ (3.3 ವೋಲ್ಟ್ ಹೊರಗೆ ಕೊಡುತ್ತಿದ್ದಾಗ) ಬಟನ್ ಒತ್ತಿದರೆ, ಪಿನ್ನನ್ನು ಉಳಿಸುವುದು ಅದೊಂದೇ. 5 ವೋಲ್ಟ್ ಅಂತೂ ಯಾವ ಜಿಪಿಐಒಗೂ ತಾಗಿಸಬೇಡಿ.

ಒಮ್ಮೆ ಒತ್ತಿದ್ದು ಎರಡು ಮೂರು ಸಲ ಎಣಿಕೆಯಾದರೆ ಅದು ಬೌನ್ಸ್, ಅಂದರೆ ಬಟನ್ನಿನ ಒಳಗಿನ ಲೋಹ ಕಂಪಿಸಿ ಹಲವು ಸಲ ತಾಗುವುದು. ಕೋಡಿನಲ್ಲಿ 50 ಮಿಲಿಸೆಕೆಂಡ್ ಡಿಬೌನ್ಸ್ (ಅಷ್ಟು ಹೊತ್ತು ಮತ್ತೆ ತಾಗಿದ್ದನ್ನು ಎಣಿಸದಿರುವುದು) ಕೊಟ್ಟು ನೋಡಿ.